ನಮ್ಮೂರ ಕಸದ ಗಾಡಿ: ಸೇವೆಗೆ ನಾಲ್ಕು ಸ್ಟಾರ್, ಒಪ್ಪಂದ ಪತ್ರಕ್ಕೆ ಎರಡು

ಊರಿನ ಹೆಸರು ಬೇಡ. ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅಂದರೆ ಸಾಕು. ಇಲ್ಲಿ ಮನೆ ಮನೆ ಕಸ ಎತ್ತುವ ಕೆಲಸವನ್ನು ಪಂಚಾಯಿತಿ ತಾನೇ ಮಾಡುವುದಿಲ್ಲ, ಗುತ್ತಿಗೆದಾರನಿಗೂ ಕೊಟ್ಟಿಲ್ಲ. ಸಂಜೀವಿನಿ ಮಹಿಳಾ ಒಕ್ಕೂಟದ (ಊರಿನ ಹೆಂಗಸರ ಸ್ವಸಹಾಯ ಸಂಘಗಳೆಲ್ಲ ಸೇರಿದ ಕೂಟ) ಜೊತೆ ಒಪ್ಪಂದ ಮಾಡಿಕೊಂಡಿದೆ. ಗಾಡಿ, ಶೆಡ್ಡು, ಸಾಮಾನು ಪಂಚಾಯಿತಿಯದು. ದುಡಿಯುವವರು ಒಕ್ಕೂಟದ ಹೆಂಗಸರು. ರಾಜ್ಯದ ಬಹಳ ಪಂಚಾಯಿತಿಗಳಲ್ಲಿ ಈಗ ಇದೇ ಪದ್ಧತಿ ಇದೆ, ನಿಮ್ಮೂರಲ್ಲೂ ಇರಬಹುದು.

ನನ್ನದು ಮೇನ್ ರೋಡಿನಲ್ಲಿ ಒಂದು ಸಣ್ಣ ಖಾನಾವಳಿ. ಬೆಳಿಗ್ಗೆ ಮಂಡಾಳ ಒಗ್ಗರಣಿ ಮಿರ್ಚಿ, ಮಧ್ಯಾಹ್ನ ರೊಟ್ಟಿ ಊಟ. ಅಂದರೆ ಈ ಗಾಡಿಗೆ ನಾನು ದೊಡ್ಡ ಗಿರಾಕಿ. ಉಳ್ಳಾಗಡ್ಡಿ ಸಿಪ್ಪೆ, ತಾಟಿನಲ್ಲಿ ಉಳಿದ ಅನ್ನ, ನೀರಿನ ಬಾಟ್ಲಿ, ಪಾರ್ಸಲ್ ಕವರು, ಎಲ್ಲಾ ದಿನಾ ಬರುವುದೇ. ಗಾಡಿ ಶುರುವಾಗುವ ಮೊದಲು ಇದೆಲ್ಲ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಬೇಡಿ. ಊರ ಹೊರಗಿನ ಹಳ್ಳಕ್ಕೆ ಹೋಗುತ್ತಿತ್ತು, ಎಲ್ಲರದ್ದೂ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ಜಿಲ್ಲೆಯ ಜನ ಗುದ್ದಲಿ ಹಿಡಿದು ಬಂದರು, ಭಕ್ತಿಯಿಂದ ದುಡಿದರು. ಅದು ದೊಡ್ಡ ಕೆಲಸ. ಆದರೆ ದಿನಾ ಬೆಳಿಗ್ಗೆ ಏಳಕ್ಕೆ ಭಕ್ತಿಯ ಮೇಲೆ ಗಾಡಿ ಓಡುವುದಿಲ್ಲ, ಡೀಸೆಲ್ ಬೇಕು, ಸಂಬಳ ಬೇಕು, ಯಾರು ಯಾರಿಗೆ ಏನು ಕೊಡಬೇಕು ಅನ್ನುವ ಕಾಗದ ಬೇಕು. ಈ ರಿವ್ಯೂನಲ್ಲಿ ಗಾಡಿಗಿಂತ ಆ ಕಾಗದದ ಮಾತೇ ಜಾಸ್ತಿ.

ಮೊದಲು ಗಾಡಿ. ಟೈಮಿಗೆ ಬರುತ್ತದೆ. ಇದನ್ನು ನಮ್ಮ ಭಾಗದಲ್ಲಿ ಸುಮ್ನೆ ಹೊಗಳಿಕೆ ಅಂದುಕೊಳ್ಳಬೇಡಿ, ನಮ್ಮ ಬಸ್ಸು, ನಲ್ಲಿ ನೀರು, ಕರೆಂಟು ಯಾವುದಕ್ಕೂ ಈ ಮಾತು ಹೇಳಲು ಆಗುವುದಿಲ್ಲ. ಓಡಿಸುವವರು ನಮ್ಮೂರ ಅಕ್ಕ ಒಬ್ಬರು, ತರಬೇತಿ ಪಡೆದು ಲೈಸೆನ್ಸ್ ಮಾಡಿಸಿಕೊಂಡವರು. ಜೊತೆಗೆ ಇಬ್ಬರು ಹೆಂಗಸರು. ಮೊದಮೊದಲು ಕಟ್ಟೆ ಮೇಲೆ ಕೂತ ಗಂಡಸರು ನಗುತ್ತಿದ್ದರು, ಈಗ ಅವರೇ ಬಕೆಟ್ ಹಿಡಿದು ನಿಲ್ಲುತ್ತಾರೆ. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ. ಡೈಪರ್, ಪ್ಯಾಡು ಕಾಗದದಲ್ಲಿ ಸುತ್ತಿ ಬೇರೆ ಕೊಡಬೇಕು. ಈ ವಿಷಯದಲ್ಲಿ ಅವರು ಬಹಳ ಬಿಗಿ. ಪಕ್ಕದ ಚಹಾದಂಗಡಿಯವರು ಒಮ್ಮೆ ಚಹಾಪುಡಿ, ಪೇಪರ್ ಕಪ್ಪು, ಗುಟ್ಕಾ ಚೀಟಿ ಎಲ್ಲ ಕೂಡಿಸಿ ಕೊಟ್ಟಾಗ ಅಕ್ಕ ಬಕೆಟ್ ವಾಪಸ್ ಕೆಳಗಿಟ್ಟರು. "ಅಣ್ಣಾರ, ಹಿಂಗ ಕೂಡಿಸಿ ಕೊಟ್ಟರ ಅಲ್ಲಿ ಶೆಡ್ಡಿನ್ಯಾಗ ನಾವ ಕೈ ಹಾಕಿ ಆರಿಸಬೇಕಾಗ್ತದ. ನಿಮ್ಮ ಮನ್ಯಾಗಿನ ಹೆಣ್ಮಕ್ಕಳ ಕೈ ಅಂತ ತಿಳ್ಕೊಂಡು ಬ್ಯಾರೆ ಮಾಡಿ ಕೊಡ್ರಿ" ಅಂದರು. ಚಹಾದಂಗಡಿಯಲ್ಲಿ ಈಗ ಎರಡು ಡಬ್ಬಿ ಇವೆ.

ಒಂದು ಸ್ಟಾರ್ ಯಾಕೆ ಕಡಿಮೆ? ಎರಡು ಕಾರಣ. ಹಳೇ ಊರಿನ ಓಣಿಗಳು ಸಣ್ಣವು, ಗಾಡಿ ಒಳಗೆ ಹೋಗುವುದಿಲ್ಲ, ಅಲ್ಲಿನವರು ತಿರುವಿನ ತನಕ ನಡೆದು ಬರಬೇಕು. ವಯಸ್ಸಾದವರು ಬರುವುದಿಲ್ಲ, ಕಸ ಗಟಾರಕ್ಕೆ ಬೀಳುತ್ತದೆ. ತಳ್ಳುಗಾಡಿ ಒಂದು ಕೊಡಿಸಿದರೆ ಮುಗಿಯುವ ಮಾತು ಇದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಊರ ಕೊನೆಯ ಕಾಲೊನಿಗೆ ಗಾಡಿ ಕೊನೆಗೆ ಹೋಗುತ್ತದೆ, ಅಷ್ಟರಲ್ಲಿ ಗಾಡಿ ತುಂಬಿದ್ದರೆ ಹೋಗುವುದೇ ಇಲ್ಲ. ದೂರಿದರೆ "ರೂಟು ಪಂಚಾಯಿತಿಯವರು ಹಾಕಿಕೊಟ್ಟದ್ದು" ಎಂದು ಒಕ್ಕೂಟದವರು, "ರೂಟು ಒಕ್ಕೂಟದವರ ಇಷ್ಟ" ಎಂದು ಪಂಚಾಯಿತಿಯವರು. ಕಾಲೊನಿಯ ಹುಡುಗರು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಕೇಳಿದ ಮೇಲೆ ಒಂದು ದಿನ ಬಿಟ್ಟು ಒಂದು ದಿನ ಆ ಕಡೆಯಿಂದ ಶುರುಮಾಡುತ್ತಿದ್ದಾರೆ. ಯಾರ ಇಷ್ಟ ಅಂತ ಬರವಣಿಗೆಯಲ್ಲಿ ಇದ್ದಿದ್ದರೆ ಇಷ್ಟು ಕೂಗಾಡಬೇಕಿರಲಿಲ್ಲ, ಅಲ್ವಾ?

ಹಾಗಾದರೆ ಬರವಣಿಗೆಯಲ್ಲಿ ಏನಿದೆ ಅಂತ ನೋಡಬೇಕು ಅನ್ನಿಸಿತು. ಅದಕ್ಕೂ ಒಂದು ಕಾರಣ ಇತ್ತು, ಗಾಡಿ ಕೆಲವು ವಾರ ನಿಂತೇ ಹೋಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಪಂಚಾಯಿತಿಯಲ್ಲಿ ಒಪ್ಪಂದದ ಪ್ರತಿ ಕೇಳಿದರೆ ಫೈಲು ತಾಲ್ಲೂಕು ಪಂಚಾಯಿತಿಗೆ ಹೋಗಿದೆ ಅಂದರು. ಆಮೇಲೆ ಬನ್ನಿ ಅಂದರು. ಮಾಹಿತಿ ಹಕ್ಕಿನಲ್ಲಿ ಹಾಕುವುದು ಸುಲಭ, 10 ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ 150 ಪದದೊಳಗೆ ಇರಬೇಕು, 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟು ದೂರ ಹೋಗಬೇಕಾಗಲಿಲ್ಲ. ಒಕ್ಕೂಟದ ಕಚೇರಿಯಲ್ಲಿ ಲೆಕ್ಕ ಬರೆಯುವ ತಂಗಿ ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಬಿಟ್ಟಳು. "ಓದ್ರಿ ಅಣ್ಣಾ, ನಾವೂ ಯಾರರ ಓದ್ಲಿ ಅಂತನ ಕಾಯಕತ್ತೇವಿ" ಅಂದಳು. ಈ ಒಂದು ಮಾತಿಗೇ ಒಕ್ಕೂಟಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡಬಹುದು.

ಓದಿದೆ. ಛಾಪಾ ಕಾಗದ, ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಹಿ, ಕೆಳಗೆ ಒಕ್ಕೂಟದ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಸಹಿ. ಒಕ್ಕೂಟ ಏನೇನು ಮಾಡಬೇಕು ಅನ್ನುವುದು ಪುಟಗಟ್ಟಲೆ ಇದೆ. ದಿನಾ ಕಸ ಎತ್ತಬೇಕು, ಬೇರೆ ಮಾಡಬೇಕು, ಗೊಬ್ಬರ ಮಾಡಬೇಕು, ಒಣ ಕಸ ಮಾರಬೇಕು, ಮನೆಯಿಂದ ಶುಲ್ಕ ವಸೂಲಿ ಮಾಡಬೇಕು, ರಸೀದಿ ಕೊಡಬೇಕು, ಗಾಡಿಯ ಲಾಗ್ ಬುಕ್ ಬರೆಯಬೇಕು, ಜನರಿಗೆ ತಿಳಿವಳಿಕೆ ಹೇಳಬೇಕು, ತಿಂಗಳಿಗೊಮ್ಮೆ ವರದಿ ಕೊಡಬೇಕು. ತಪ್ಪಿದರೆ ಪಂಚಾಯಿತಿ ಒಪ್ಪಂದ ರದ್ದು ಮಾಡಬಹುದು. ಸರಿ, ಕೆಲಸ ಅಂದಮೇಲೆ ಇಷ್ಟೆಲ್ಲ ಇರಬೇಕು, ನನ್ನ ತಕರಾರು ಇಲ್ಲ. ಪಂಚಾಯಿತಿ ಏನು ಮಾಡಬೇಕು ಅನ್ನುವ ಭಾಗಕ್ಕೆ ಬನ್ನಿ. ಗಾಡಿ ಕೊಡುತ್ತದೆ. ಶೆಡ್ಡು ಕೊಡುತ್ತದೆ. "ಅನುದಾನದ ಲಭ್ಯತೆಗೆ ಅನುಗುಣವಾಗಿ" ಗೌರವಧನ ಮತ್ತು ಇಂಧನದ ವೆಚ್ಚ ಕೊಡುತ್ತದೆ. "ಅಗತ್ಯ ಸಹಕಾರ" ನೀಡುತ್ತದೆ. ಮುಗಿಯಿತು.

ಯಾವ ತಾರೀಖಿನೊಳಗೆ ಕೊಡುತ್ತದೆ? ಇಲ್ಲ. ತಡವಾದರೆ ಏನು? ಇಲ್ಲ. ಗಾಡಿ ಕೆಟ್ಟರೆ ರಿಪೇರಿ ಯಾರದು? "ಪರಸ್ಪರ ಚರ್ಚಿಸಿ". ಒಪ್ಪಂದ ಬಿಡುವಾಗ ಎಷ್ಟು ದಿನ ಮುಂಚೆ ನೋಟಿಸ್? ಒಕ್ಕೂಟ ಬಿಡುವುದಾದರೆ ಮುಂಚೆ ತಿಳಿಸಬೇಕು ಅಂತ ಇದೆ, ಪಂಚಾಯಿತಿಗೆ ಅಂಥ ಸಾಲೇ ಇಲ್ಲ. ಗ್ಲೌಸು, ಬೂಟು, ವಿಮೆ ಬಗ್ಗೆ ಒಂದು ಅಕ್ಷರ ಇಲ್ಲ, ಒಡೆದ ಗಾಜು, ಇಂಜೆಕ್ಷನ್ ಸೂಜಿ ಎಲ್ಲ ಇವರ ಕೈಗೇ ಬರುತ್ತದೆ. ಹೆಸರಿಗೆ ಇಬ್ಬರ ಒಪ್ಪಂದ, ಒಳಗೆ ಕೆಲಸದವರಿಗೆ ಕೊಟ್ಟ ಆರ್ಡರ್ ಇದ್ದಂತೆ ಇದೆ.

ಈಗ ಗಾಡಿ ನಿಂತ ಕತೆ. ಮೊದಲು ಎರಡು ತಿಂಗಳ ಗೌರವಧನ ಬರಲಿಲ್ಲ, ಆದರೂ ಗಾಡಿ ಬಂತು. ಆಮೇಲೆ ಬಂಕಿನವರು ಉದ್ರಿ ಡೀಸೆಲ್ ಹಾಕುವುದಿಲ್ಲ ಅಂದರು. ಒಕ್ಕೂಟದವರು ತಮ್ಮ ಉಳಿತಾಯದ ದುಡ್ಡು ಹಾಕಿ ಕೆಲವು ದಿನ ಓಡಿಸಿದರು. ಆ ದುಡ್ಡು ಸಂಘದ ಹೆಂಗಸರು ಎಮ್ಮೆಗೆ, ಹೊಲಿಗೆ ಮಷಿನ್ನಿಗೆ, ಮಕ್ಕಳ ಫೀಸಿಗೆ ಸಾಲ ತೆಗೆಯುವ ದುಡ್ಡು, ಪಂಚಾಯಿತಿ ಕೆಲಸಕ್ಕೆ ಹಾಕುವುದಲ್ಲ. ಕೊನೆಗೆ ಗಾಡಿ ನಿಂತಿತು. ಊರವರು ಯಾರನ್ನು ಬೈದರು ಗೊತ್ತಾ? ಗಾಡಿ ಅಕ್ಕನನ್ನು. ಸಂತೆಯಲ್ಲಿ ಸಿಕ್ಕರೂ ಬೈದರು. ಅವರಿಗೆ ಬರಬೇಕಾದ ದುಡ್ಡು ಎಲ್ಲಿ ನಿಂತಿದೆ ಅಂತ ಯಾರೂ ಕೇಳಲಿಲ್ಲ. ಪಂಚಾಯಿತಿಯವರ ಉತ್ತರ ಮೂರು ಥರ ಇತ್ತು: ಕಂತು ಬಂದಿಲ್ಲ, ಪಿಡಿಒ ವರ್ಗ ಆಗಿದ್ದಾರೆ, ಹೊಸ ಅಧ್ಯಕ್ಷರು ಇನ್ನೂ ಫೈಲು ನೋಡಿಲ್ಲ. ಮೂರೂ ನಿಜವೇ. ಆ ಪಂಚಾಯಿತಿಯ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ, ಅಧ್ಯಕ್ಷರ ಅವಧಿ ಇದ್ದದ್ದು 30 ತಿಂಗಳು. ಅರ್ಧ ದಾರಿಯಲ್ಲಿ ಅಧ್ಯಕ್ಷರು ಬದಲಾಗುವುದು ಮೊದಲೇ ಗೊತ್ತಿದ್ದ ವಿಷಯ. ಗೊತ್ತಿದ್ದ ಮೇಲೆ ಅದಕ್ಕೆ ತಕ್ಕ ಹಾಗೆ ಒಪ್ಪಂದ ಬರೆಯಬೇಕಲ್ಲವೇ? ಮನುಷ್ಯರು ಬದಲಾದರೂ ಮಾತು ನಿಲ್ಲಲಿ ಅಂತ ತಾನೇ ಕಾಗದದ ಮೇಲೆ ಬರೆಯುವುದು.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಿದರೆ ಪಂಚಾಯಿತಿಯ ಕಷ್ಟವೂ ಅರ್ಥವಾಗುತ್ತದೆ. ಸ್ವಚ್ಛ ಭಾರತ ಗ್ರಾಮೀಣ ಮಿಷನ್ನಿನ ಎರಡನೇ ಹಂತದಲ್ಲಿ (2020-21ರಿಂದ ಶುರುವಾದದ್ದು) ಘನ ತ್ಯಾಜ್ಯಕ್ಕೆ 5,000 ಜನಸಂಖ್ಯೆವರೆಗಿನ ಹಳ್ಳಿಗೆ ತಲೆಗೆ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ 45 ರೂಪಾಯಿವರೆಗೆ ಇಟ್ಟಿದ್ದರು. ಅದರಲ್ಲೂ ಶೇ 30 ಭಾಗವನ್ನು ಪಂಚಾಯಿತಿ ತನಗೆ ಬರುವ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. 4,000 ಜನರ ಹಳ್ಳಿಗೆ 2 ಲಕ್ಷ 40 ಸಾವಿರ ಆಯಿತು. ಇದು ಒಂದೇ ಸಲ ಬರುವ ದುಡ್ಡು, ಶೆಡ್ಡು, ಗಾಡಿ, ಡಬ್ಬಿಗೆ. ಪ್ರತಿ ತಿಂಗಳ ಸಂಬಳಕ್ಕೆ ಅಲ್ಲ. (ಇನ್ನೊಂದು ತಮಾಷೆ: 4,900 ಜನರ ಹಳ್ಳಿಗೆ 2 ಲಕ್ಷ 94 ಸಾವಿರ ಬಂದರೆ 5,100 ಜನರ ಹಳ್ಳಿಗೆ 2 ಲಕ್ಷ 29 ಸಾವಿರದ 500. ಊರು ಬೆಳೆದರೆ ದುಡ್ಡು ಕಡಿಮೆ. ಈ ಲೆಕ್ಕ ಹಾಕಿದವರು ಜಾತ್ರೆ ದಿನ ನಮ್ಮೂರ ಕಸ ನೋಡಬೇಕು.) ಪ್ಲಾಸ್ಟಿಕ್ ಘಟಕಕ್ಕೆ ತಾಲ್ಲೂಕಿಗೆ ಒಂದರಂತೆ 16 ಲಕ್ಷದವರೆಗೆ ಬೇರೆ ಇತ್ತು.

ತಿಂಗಳ ಖರ್ಚಿಗೆ ಉಳಿಯುವುದು ಮೂರು ದಾರಿ. 15ನೇ ಹಣಕಾಸು ಆಯೋಗವು 2021ರಿಂದ 26ರ ಅವಧಿಗೆ ಪಂಚಾಯಿತಿ ಅನುದಾನದ ಶೇ 60 ಭಾಗವನ್ನು ನೀರಿಗೆ ಮತ್ತು ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟಿತು, ಅರ್ಧ ಅದಕ್ಕೆ, ಅರ್ಧ ಇದಕ್ಕೆ. ಅದು ಕಂತಿನಲ್ಲಿ ಬರುತ್ತದೆ, ಕಂತು ತಡವಾದರೆ ಎಲ್ಲ ತಡ. ಎರಡನೆಯದು ಪಂಚಾಯಿತಿಯ ಸ್ವಂತ ತೆರಿಗೆ, ಅದರ ವಸೂಲಿ ನಮ್ಮ ಕಡೆ ಹೇಗಿದೆ ಅಂತ ಬಿಲ್ ಕಲೆಕ್ಟರ್ ಮುಖ ನೋಡಿದರೆ ತಿಳಿಯುತ್ತದೆ. ಮೂರನೆಯದು ಮನೆ ಮನೆ ಶುಲ್ಕ. ಇಲ್ಲಿ ನಾವೇ ಕಳ್ಳರು. ಮೊಬೈಲಿಗೆ ರೀಚಾರ್ಜ್ ಮಾಡಿಸುವವರು, ಮಗನ ಬರ್ತ್‌ಡೇಗೆ ಬ್ಯಾನರ್ ಹಾಕಿಸುವವರು, ಕಸಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಅಂದರೆ "ಸರ್ಕಾರ ಕೊಡ್ತದ ತಗೋರಿ" ಅನ್ನುತ್ತಾರೆ. ಒಣ ಕಸ ಮಾರಿದ ದುಡ್ಡು ಅಂತೀರಾ? ರಟ್ಟು, ಬಾಟ್ಲಿ, ಕಬ್ಬಿಣಕ್ಕೆ ಗುಜರಿಯವರು ಕೊಡುತ್ತಾರೆ, ಅದರಲ್ಲಿ ಒಳ್ಳೆಯದನ್ನು ಮನೆಯವರೇ ಮೊದಲು ಮಾರಿಕೊಂಡಿರುತ್ತಾರೆ. ಚಿಪ್ಸ್ ಪಾಕೀಟು, ಶಾಂಪೂ ಚೀಟಿ, ಗುಟ್ಕಾ ಚೀಟಿಗೆ ಕಿಲುಬು ಕಾಸೂ ಇಲ್ಲ, ಚೀಲ ತುಂಬಿ ಶೆಡ್ಡಿನಲ್ಲಿ ಬಿದ್ದಿರುತ್ತದೆ. ತೆಳು ಪ್ಲಾಸ್ಟಿಕ್ ಚೀಲ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ, ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಸಾಮಾನು 2022ರ ಜುಲೈ 1ರಿಂದ ನಿಷೇಧ. ನಮ್ಮ ಸಂತೆಗೆ ಬಂದು ನೋಡಿ, ಸಾಂಬಾರ್ ಪಾರ್ಸಲ್ ಇನ್ನೂ ಅದರಲ್ಲೇ ಹೋಗುತ್ತದೆ.

ಬೇರೆ ಕಡೆ ಹೇಗೆ ಮಾಡುತ್ತಾರೆ? ಪುಣೆಯಲ್ಲಿ ಕಸ ಆಯುವವರದ್ದೇ ಸಹಕಾರಿ ಸಂಘ ಇದೆ, ಸ್ವಚ್ಛ ಅಂತ, ಹೆಚ್ಚಿನವರು ಹೆಂಗಸರು. 2008ರಲ್ಲಿ ಮಹಾನಗರ ಪಾಲಿಕೆ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಅಲ್ಲಿ ಮನೆಯವರು ಕೊಡುವ ಶುಲ್ಕ ಕಸ ಎತ್ತುವವರ ಕೈಗೇ ಹೋಗುತ್ತದೆ, ಒಣ ಕಸ ಮಾರಿದ್ದೂ ಅವರದ್ದೇ. ಪಾಲಿಕೆಯ ಕಂತಿಗೆ ಬಾಯಿ ಬಿಟ್ಟು ಕೂರಬೇಕಿಲ್ಲ. ಹಾಗಂತ ಅಲ್ಲಿ ಎಲ್ಲ ಸುಖವಾಗಿಲ್ಲ, ಅವಧಿ ಮುಗಿದಾಗಲೆಲ್ಲ ನವೀಕರಣ ಎಳೆದಾಡಿದ್ದಾರೆ. ಕೇರಳದಲ್ಲಿ ಕುಟುಂಬಶ್ರೀ ಅನ್ನುವ ಮಹಿಳಾ ಸಂಘಗಳ ಹೆಂಗಸರ ಹರಿತ ಕರ್ಮ ಸೇನೆ ಇದೆ, ಪಂಚಾಯಿತಿ ಜೊತೆ ಸೇರಿ ಮನೆ ಮನೆಯಿಂದ ಪ್ಲಾಸ್ಟಿಕ್ ಎತ್ತುತ್ತಾರೆ, ಹಳ್ಳಿ ಮನೆಗೆ ತಿಂಗಳಿಗೆ 50 ರೂಪಾಯಿ. ಅಲ್ಲೂ ಶುಲ್ಕದ ಮೇಲೆ ಜಗಳ ಆಗಿದೆ, ಆದರೆ ಕೊಡುವವರು ಜಾಸ್ತಿ.

ದೂರದ ಒಂದು ಉದಾಹರಣೆಯೂ ಓದಿದೆ. ಇಂಗ್ಲೆಂಡಿನಲ್ಲಿ 1998ರಲ್ಲಿ ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ಕಾಂಪ್ಯಾಕ್ಟ್ ಅಂತ ಒಂದು ಒಡಂಬಡಿಕೆ ಬರೆದುಕೊಂಡವು, ಅದೇ ಮಾದರಿಯಲ್ಲಿ ಊರೂರ ಸ್ಥಳೀಯ ಸಂಸ್ಥೆಗಳೂ ತಮ್ಮ ಸಂಘಗಳ ಜೊತೆ ಬರೆದುಕೊಂಡವು. 2010ರಲ್ಲಿ ಅದನ್ನು ಹೊಸದಾಗಿ ಬರೆದಾಗ ಒಂದು ಸಾಲು ಇತ್ತು: ಹಣ ನಿಲ್ಲಿಸುವುದಾದರೆ ಅಥವಾ ಬದಲಿಸುವುದಾದರೆ ಕಡಿಮೆ ಅಂದರೂ ಮೂರು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ಕಾರಣ ಹೇಳಬೇಕು. ಅದು ಕಾನೂನಾಗಿರಲಿಲ್ಲ, ಕೋರ್ಟಿಗೆ ಹಿಡಿದುಕೊಂಡು ಹೋಗುವ ಕಾಗದ ಆಗಿರಲಿಲ್ಲ, ಮುರಿದವರೂ ಇದ್ದರು. ಆದರೆ ಅಲ್ಲಿ ಇಬ್ಬರ ಕರ್ತವ್ಯವನ್ನೂ ಬೇರೆ ಬೇರೆ ಬರೆದಿದ್ದರು, ಸರ್ಕಾರದ್ದೂ ಇತ್ತು, ಸಂಸ್ಥೆಗಳದ್ದೂ ಇತ್ತು. ಕೊಡುವವನಿಗೂ ಕರ್ತವ್ಯ ಉಂಟು ಅನ್ನುವ ಈ ಒಂದು ವಿಷಯ ನಮ್ಮ ಛಾಪಾ ಕಾಗದಕ್ಕೆ ಬರಬೇಕಿತ್ತು.

ಊರಲ್ಲಿ ಕೆಲವರ ವಾದ ಬೇರೆ. "ಹೆಂಗಸರ ಕೈಯಾಗ ಯಾಕ, ಟೆಂಡರ್ ಕರದು ಗುತ್ತಿಗೆ ಕೊಟ್ಟರ ಚೊಕ್ಕ ಆಗ್ತದ" ಅನ್ನುತ್ತಾರೆ. ಈ ಮಾತು ಹೇಳುವವರಲ್ಲಿ ಇಬ್ಬರ ಹತ್ತಿರ ಟ್ರ್ಯಾಕ್ಟರ್ ಇದೆ ಅನ್ನುವುದು ಬೇರೆ ಮಾತು. ನನಗೆ ಒಪ್ಪಿಗೆ ಇಲ್ಲ. ಗುತ್ತಿಗೆದಾರ ದುಡ್ಡು ಬರದಿದ್ದರೆ ಮೊದಲನೇ ತಿಂಗಳೇ ಗಾಡಿ ನಿಲ್ಲಿಸುತ್ತಿದ್ದ, ಇವರು ಉಳಿತಾಯ ಹಾಕಿ ಓಡಿಸಿದರು. ಗುತ್ತಿಗೆದಾರನಿಗೆ ಬಕೆಟ್ ವಾಪಸ್ ಇಡುವ ಉಸಾಬರಿ ಬೇಕಿಲ್ಲ, ಎಲ್ಲ ಕೂಡಿಸಿ ಹಳ್ಳಕ್ಕೆ ಸುರಿದರೆ ಅವನಿಗೆ ಡೀಸೆಲ್ ಉಳಿತಾಯ. ಒಕ್ಕೂಟದವರು ಇದೇ ಊರಲ್ಲಿ ಬಾಳುವವರು, ಆ ಹಳ್ಳದ ಪಕ್ಕವೇ ಅವರ ಹೊಲ. ಹಾಗಂತ ಒಕ್ಕೂಟಕ್ಕೂ ಬಾಕಿ ಇರುವ ಕೆಲಸ ಇದೆ. ಗೊಬ್ಬರದ ತೊಟ್ಟಿ ಅರ್ಧ ಖಾಲಿ, ಶೆಡ್ಡಿಗೆ ನೀರಿನ ಕನೆಕ್ಷನ್ ಇಲ್ಲ ಅನ್ನುವುದು ಒಂದು ಕಾರಣ, ಆದರೆ ಪೂರ್ತಿ ಕಾರಣ ಅಲ್ಲ. ಶುಲ್ಕದ ರಸೀದಿ ಎಲ್ಲರಿಗೂ ಕೊಡುವುದಿಲ್ಲ. ಪದಾಧಿಕಾರಿಗಳ ಮನೆಯವರೇ ಕೆಲಸಕ್ಕೆ ಸೇರಿಕೊಂಡಿದ್ದಾರೆ ಅನ್ನುವ ಗುಸುಗುಸು ಇದೆ. ಅದು ಸುಳ್ಳಾದರೆ ಯಾರನ್ನು ಹೇಗೆ ಆರಿಸಿದರು ಅಂತ ಗೋಡೆಗೆ ಅಂಟಿಸಿದರೆ ಮುಗಿಯಿತು.

ಕೊನೆಗೆ ಗಾಡಿ ಮತ್ತೆ ಹೇಗೆ ಶುರುವಾಯಿತು ಅಂದರೆ, ಜಮಾಬಂದಿ ದಿನ ಬಂತು. ಪಂಚಾಯಿತಿ ಲೆಕ್ಕ ಊರವರ ಮುಂದೆ ಓದುವ ದಿನ ಅದು, ಸಾಮಾನ್ಯವಾಗಿ ಹತ್ತಿಪ್ಪತ್ತು ಜನ ಬಂದು ಚಹಾ ಕುಡಿದು ಹೋಗುತ್ತಾರೆ. ಈ ಸಲ ಒಕ್ಕೂಟದ ಹೆಂಗಸರು ಸೀರೆ ಮೇಲೆ ಕೆಲಸದ ಕೋಟು ಹಾಕಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂತರು. ನೈರ್ಮಲ್ಯದ ಖರ್ಚು ಓದುವಾಗ ಒಬ್ಬ ಹಿರಿಯಕ್ಕ ಎದ್ದು "ಇದರಾಗ ನಮ್ಮ ಪಗಾರ ಯಾವ ಸಾಲಿನ್ಯಾಗ ಐತ್ರಿ ಸಾಹೇಬ್ರ, ಒಮ್ಮೆ ಬಟ್ಟು ಇಟ್ಟು ತೋರಸ್ರಿ" ಅಂದರು. ಸಾಹೇಬರು ಪುಟ ತಿರುವಿದರು, ಮತ್ತೆ ತಿರುವಿದರು. ಬಾಕಿ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಭಾಗ ಸ್ವಲ್ಪ ದಿನದಲ್ಲೇ ಬಂತು. ಬಾಕಿ ಉಳಿದದ್ದು ಇನ್ನೂ ಬಾಕಿಯೇ ಇದೆ.

ಈಗ ಒಪ್ಪಂದ ನವೀಕರಣಕ್ಕೆ ಬಂದಿದೆ. ನಿಮ್ಮೂರಲ್ಲೂ ಇಂಥ ಗಾಡಿ ಇದ್ದರೆ ಪ್ರತಿ ಕೇಳಿ ಓದಿ. ಗೌರವಧನ ಪ್ರತಿ ತಿಂಗಳು ಯಾವ ತಾರೀಖಿನೊಳಗೆ ಅಂತ ಇದೆಯಾ, ಕಂತು ತಡವಾದರೆ ಪಂಚಾಯಿತಿ ಸ್ವಂತ ನಿಧಿಯಿಂದ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಬೇಕು ಅಂತ ಇದೆಯಾ, ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇದೆಯಾ, ರಿಪೇರಿ, ಗ್ಲೌಸು, ವಿಮೆ ಯಾರ ತಲೆಗೆ ಅಂತ ನೋಡಿ. ಇಲ್ಲದಿದ್ದರೆ ಗ್ರಾಮ ಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದು ನಡಾವಳಿಯಲ್ಲಿ ಬರೆಸಿ, ಬರೆಯದೆ ಬಿಟ್ಟರೆ ಅಲ್ಲೇ ಇನ್ನೊಮ್ಮೆ ಕೇಳಿ. ನೈರ್ಮಲ್ಯ ಪಂಚಾಯಿತಿಯ ಕರ್ತವ್ಯ ಅಂತ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ, 1993ರಿಂದಲೂ ಇದೆ. ಕೆಲಸ ಒಕ್ಕೂಟಕ್ಕೆ ಕೊಟ್ಟ ಮಾತ್ರಕ್ಕೆ ಕರ್ತವ್ಯ ಒಕ್ಕೂಟದ ಮನೆಗೆ ಹೋಗುವುದಿಲ್ಲ.

ಬಳಸುವವರಿಗೆ ಬೇಕಾದ ಮಾಹಿತಿ: ಗಾಡಿ ಮೇನ್ ರೋಡಿಗೆ ಏಳು ಗಂಟೆ ಸುಮಾರಿಗೆ ಬರುತ್ತದೆ, ಭಾನುವಾರ ಇಲ್ಲ. ಮನೆಗೆ ತಿಂಗಳಿಗೆ ಮೂವತ್ತು, ಅಂಗಡಿಗೆ ನೂರು, ರಸೀದಿ ಕೇಳಿ ತಗೊಳ್ಳಿ. ಕರಿದ ಎಣ್ಣೆ ತೆಗೆದುಕೊಳ್ಳುವುದಿಲ್ಲ. ಮದುವೆ, ಜವಳ ಇದ್ದರೆ ಒಂದು ದಿನ ಮುಂಚೆ ಒಕ್ಕೂಟದ ಕಚೇರಿಗೆ ಹೇಳಿ, ಬೇರೆ ಟ್ರಿಪ್ ಬರುತ್ತಾರೆ, ಅದರ ದುಡ್ಡು ಬೇರೆ. ಒಪ್ಪಂದದ ಹೊಸ ಪ್ರತಿ ಬಂದ ಮೇಲೆ ಒಪ್ಪಂದಕ್ಕೆ ಕೊಟ್ಟ ಸ್ಟಾರ್ ರೇಟಿಂಗ್ ಬದಲಿಸುತ್ತೇನೆ, ಮೇಲಕ್ಕೋ ಕೆಳಕ್ಕೋ ಅವರ ಕೈಯಲ್ಲಿದೆ.